ಹೊಡೆತ ಬಿತ್ತು, ಮೀನು ಬರಲಿಲ್ಲ: ಕೆರೆ ದಂಡೆಯ ಲೂರ್ ಗಾಳಕ್ಕೊಂದು ದೋಷ ನಿವಾರಣೆ ಕೈಪಿಡಿ

ಸೂಳೆಕೆರೆಯ ದಂಡೆಯಲ್ಲಿ ಭಾನುವಾರ ಬೆಳಗ್ಗೆ ಒಂದು ತಾಸು ಕೂತರೆ ಈ ನೋಟ ತಪ್ಪದೆ ಸಿಗುತ್ತದೆ. ದಾವಣಗೆರೆ ಕಡೆಯಿಂದ ಎರಡು ಬೈಕಿನಲ್ಲಿ ನಾಲ್ಕು ಹುಡುಗರು ಬರುತ್ತಾರೆ. ಹತ್ತು ಸಲ ಲೂರ್ (ಮೀನನ್ನು ಮರುಳು ಮಾಡುವ ಹುಸಿ ಎರೆ) ಎಸೆಯುತ್ತಾರೆ, ಹನ್ನೊಂದನೇ ಸಲಕ್ಕೆ ಪೆಟ್ಟಿಗೆ ತೆಗೆಯುತ್ತಾರೆ. ಹಸಿರು ರಬ್ಬರ್ ಕಪ್ಪೆ ಹೋಗಿ ಹಳದಿ ಕಪ್ಪೆ ಬರುತ್ತದೆ, ಹಳದಿ ಹೋಗಿ ಕರಿ ಕಪ್ಪೆ ಬರುತ್ತದೆ. ಬಿಸಿಲೇರುವ ಹೊತ್ತಿಗೆ ‘ಇಲ್ಲಿ ಮೀನೇ ಇಲ್ಲ ಬಿಡ್ರಿ’ ಅಂತ ತೀರ್ಪು ಕೊಟ್ಟು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾರೆ.

ನಾನೂ ಎರಡು ವರ್ಷ ಇದನ್ನೇ ಮಾಡಿದವನು. ಬೈಕ್ ಸ್ಟಾರ್ಟ್ ಆಗಲಿಲ್ಲ ಅಂದರೆ ಮೆಕ್ಯಾನಿಕ್ ಮೊದಲು ಪೆಟ್ರೋಲ್ ನೋಡುತ್ತಾನೆ, ಆಮೇಲೆ ಪ್ಲಗ್ ಬಿಚ್ಚುತ್ತಾನೆ. ಟ್ಯಾಂಕಿಗೆ ಬೇರೆ ಬಣ್ಣ ಹೊಡೆದು ನೋಡೋಣ ಅಂತ ಯಾರೂ ಹೇಳುವುದಿಲ್ಲ. ಗಾಳದ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಬಣ್ಣದಿಂದಲೇ ಶುರು ಮಾಡುತ್ತೇವೆ. ಲೂರ್ ಬದಲಿಸುವುದನ್ನು ಕಟ್ಟಕಡೆಗೆ ಇಟ್ಟು, ಕೆಲಸ ಎಲ್ಲಿ ಕೆಟ್ಟಿದೆ ಅಂತ ಮೊದಲು ಹುಡುಕುವವರಿಗಾಗಿ ಇದನ್ನು ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ನಮ್ಮ ಕಡೆ ಬಹಳಷ್ಟು ಕೆರೆಗಳ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಇಲ್ಲವೇ ಮೀನುಗಾರರ ಸಹಕಾರ ಸಂಘದ ಕೈಯಲ್ಲಿರುತ್ತದೆ. ಕೇಳಿ ಒಪ್ಪಿಗೆ ಪಡೆದು ಗಾಳ ಹಾಕಿ. ಕೇಳದೆ ಹಾಕಿ ಬೈಸಿಕೊಂಡರೆ ಆ ದೋಷಕ್ಕೆ ಈ ಕೈಪಿಡಿಯಲ್ಲಿ ಮದ್ದಿಲ್ಲ.

ಟ್ರೌಟ್ ಪಾಠ, ಕೊರವನ ಪರೀಕ್ಷೆ

ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಲೂರ್ ಕಲಿತದ್ದು ಮೊಬೈಲಿನಲ್ಲಿ ಟ್ರೌಟ್ ಹಿಡಿಯುವುದನ್ನು ನೋಡಿ. ತಣ್ಣಗಿನ ಸರೋವರ, ಕೂದಲೆಳೆಯಂಥ ದಾರ, ಎಳೆದಾಗ ಗಿರಕಿ ಹೊಡೆಯುವ ಐದು ಗ್ರಾಂ ತೂಕದ ಸ್ಪಿನ್ನರ್ ಲೂರ್, ಹುಣಸೆ ಬರಲಿನ ಹಾಗೆ ಬಳುಕುವ ಕೋಲು. ನೋಡಲಿಕ್ಕೆ ಚಂದ. ನನ್ನ ಮೊದಲ ಸೆಟ್ಟೂ ಅದೇ. ಆದರೆ ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರು. ದಕ್ಷಿಣದಲ್ಲಿ ಅದನ್ನು ನೋಡಬೇಕೆಂದರೆ ನೀಲಗಿರಿಯನ್ನೋ ಮುನ್ನಾರಿನ ಬೆಟ್ಟಗಳನ್ನೋ ಹತ್ತಬೇಕು.

ನಮ್ಮ ಕೆರೆಗಳ ಬೇಟೆಗಾರ ಕೊರವ ಮೀನು. ಕೆಲವು ಊರಲ್ಲಿ ಕುಚ್ಚು ಅನ್ನುತ್ತಾರೆ, ಕೆಲವು ಕಡೆ ಮರಲು. ಇನ್ನೂ ದೊಡ್ಡದಾಗಿ ಬೆಳೆಯುವ ಅದರ ದಾಯಾದಿ ಹೂವಿನ ಮರಲು. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುವ ಜಾತಿ ಇದು. ಅದಕ್ಕೇ ಬೇಸಿಗೆಯ ಬಿಸಿ ನೀರಿನಲ್ಲೂ, ಕೆಸರಿನಲ್ಲೂ ಬದುಕುತ್ತದೆ. ಅದು ಇರುವುದು ಬಯಲು ನೀರಿನಲ್ಲಲ್ಲ. ಜೊಂಡು, ಅಂತರಗಂಗೆ, ತಾವರೆ ಎಲೆಯ ಸಂದಿಯೇ ಅದರ ಮನೆ. ದವಡೆ ಗಟ್ಟಿ ಎಲುಬು.

ಟ್ರೌಟಿನ ಪಾಠದಲ್ಲಿ ಇಲ್ಲಿಗೂ ಸಲ್ಲುವ ಮಾತುಗಳಿವೆ. ಲೂರ್ ನೀರಿಗೆ ಬಿದ್ದ ಮೇಲೆ ಒಂದು, ಎರಡು, ಮೂರು ಅಂತ ಎಣಿಸಿ ಬೇರೆ ಬೇರೆ ಆಳದಲ್ಲಿ ಎಳೆಯುವುದು, ನಿಂತಲ್ಲಿಂದಲೇ ಬೀಸಣಿಗೆ ಬಿಡಿಸಿದ ಹಾಗೆ ಎಡದಿಂದ ಬಲಕ್ಕೆ ಎಸೆಯುತ್ತ ಹೋಗುವುದು, ಗಾಳಿ ತಳ್ಳಿಕೊಂಡು ಬರುವ ದಂಡೆಯನ್ನು ಬಿಡದಿರುವುದು, ಇವೆಲ್ಲ ನಮ್ಮ ಹಿನ್ನೀರಿಗೂ ಸರಿ. ಸಲ್ಲದೇ ಇರುವುದು ಮೂರು: ಸಣ್ಣ ದಾರ, ಮೆತ್ತಗಿನ ಕೋಲು, ತಟಕ್ಕನೆ ಜಗ್ಗುವ ಚಾಳಿ. ಮುಂದೆ ಬರುವ ದೂರುಗಳಲ್ಲಿ ಬಹುಪಾಲು ಈ ಮೂರರ ಮಕ್ಕಳು.

‘ಒಂದು ಹೊಡೆತವೂ ಇಲ್ಲ’

ಹೊಡೆತ ಅಂದರೆ ಮೀನು ಲೂರ್ ಮೇಲೆ ಎರಗುವುದು. ಅದು ಬೀಳದಿರುವುದಕ್ಕೆ ಮೊದಲ ಕಾರಣ ಯಾರ ತಲೆಗೂ ಬರುವುದಿಲ್ಲ: ಆ ಕೆರೆಯಲ್ಲಿರುವ ಮೀನು ಲೂರ್ ಹಿಡಿಯುವ ಮೀನೇ ಅಲ್ಲ. ಗುತ್ತಿಗೆ ಕೆರೆಗೆ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೊಳೆಯನ್ನು ಹೆಕ್ಕುತ್ತದೆ. ಅವುಗಳ ಮುಂದೆ ನೀವು ಬೆಳ್ಳಿಯ ಸ್ಪೂನ್ ಲೂರ್ ಆಡಿಸಿದರೂ ಅಷ್ಟೇ, ಬಂಗಾರದ್ದು ಆಡಿಸಿದರೂ ಅಷ್ಟೇ. ಮೀನು ಎದ್ದು ಬೀಳುವ ಸದ್ದು ಕೇಳಿ ‘ಎಷ್ಟೊಂದು ಮೀನು!’ ಅಂತ ದಿನವಿಡೀ ಲೂರ್ ಎಸೆದವರನ್ನು ನೋಡಿದ್ದೇನೆ. ಎದ್ದು ಬೀಳುತ್ತಿದ್ದದ್ದು ಕಾಟ್ಲಾ. ಅಲ್ಲಿ ಹಿಟ್ಟಿನ ಉಂಡೆ ಕಟ್ಟಿ ಕೂತವನೇ ಜಾಣ.

ಕೊರವ ಇದೆಯೋ ಇಲ್ಲವೋ ನೋಡಲು ಲೂರ್ ಬೇಕಿಲ್ಲ, ತಾಳ್ಮೆ ಬೇಕು. ಬೆಳಗಿನ ಜಾವ ಜೊಂಡಿನ ಅಂಚಿನಲ್ಲಿ ಕಾಲು ಗಂಟೆ ಅಲುಗಾಡದೆ ಕೂತು ನೋಡಿ. ಎಲೆ ಸಂದಿಯಲ್ಲಿ ‘ಗುಳುಕ್’ ಅಂತ ಒಂದು ಸದ್ದು, ಸಣ್ಣ ಸುಳಿ, ಎರಡು ಗುಳ್ಳೆ. ಅದು ಗಾಳಿ ಗುಟುಕರಿಸಲು ಬಂದ ಕೊರವ. ಸ್ವಲ್ಪ ಹೊತ್ತಿನಲ್ಲಿ ಅಲ್ಲೇ ಹತ್ತಿರದಲ್ಲಿ ಮತ್ತೆ ಬರುತ್ತದೆ. ಅಂಚಿನ ಮರಿಮೀನುಗಳು ಒಮ್ಮೆಲೇ ಚಿಮ್ಮಿ ಚೆದುರಿದರೂ ಕೆಳಗೆ ಯಾರೋ ಇದ್ದಾರೆ ಅಂತಲೇ ಲೆಕ್ಕ.

ಎರಡನೇ ಕಾರಣ ಹೊತ್ತು. ಏಪ್ರಿಲ್ ಮಧ್ಯಾಹ್ನ ದಾವಣಗೆರೆ ಬಿಸಿಲಿನಲ್ಲಿ ನಾಯಿಯೂ ಬೀದಿಗಿಳಿಯುವುದಿಲ್ಲ, ಮೀನೇಕೆ ನಿಮ್ಮ ಕಪ್ಪೆಯ ಹಿಂದೆ ಓಡಬೇಕು? ಬೆಳಕು ಹರಿಯುವಾಗಿನ ಎರಡು ತಾಸು, ಇಳಿಹೊತ್ತಿನ ಎರಡು ತಾಸು, ಅಷ್ಟೇ. ಮಧ್ಯಾಹ್ನ ಎಸೆಯಲೇಬೇಕು ಅಂದರೆ ನೆರಳಿಗೆ, ಎಲೆಹಾಸಿನ ನಡುವಿನ ಕಿಂಡಿಗೆ ಎಸೆಯಿರಿ.

ಮೂರನೆಯದು ಕಾಲ ಸಪ್ಪಳ. ಏರಿಯ ಕಲ್ಲಿನ ಮೇಲೆ ಧಡಧಡ ಇಳಿದು ಬಂದು ನೀರಿನ ಅಂಚಿನಲ್ಲೇ ನಿಂತು 30 ಮೀಟರ್ ಆಚೆಗೆ ಎಸೆಯುತ್ತೇವೆ. ಮೀನು ಇದ್ದದ್ದು ಕಾಲಬುಡದಲ್ಲಿ, ಈಗ ಇಲ್ಲ. ನಾನು ಈಚೆಗೆ ನೀರಿನಿಂದ ಎರಡು ಮಾರು ಹಿಂದೆ ನಿಂತು, ಮೊದಲ ನಾಲ್ಕು ಎಸೆತವನ್ನು ದಂಡೆಗೆ ಸಮಾನಾಂತರವಾಗಿ ಹಾಕುತ್ತೇನೆ. ಸಿಕ್ಕ ಮೀನುಗಳಲ್ಲಿ ಅರ್ಧ ಹಾಗೇ ಸಿಕ್ಕಿವೆ.

ಮೊದಲ ಮಳೆಗೆ ನೀರು ಕೆಂಪಾದಾಗ ಸಣ್ಣ ಮೌನಿ ಲೂರ್‌ಗಳನ್ನು ಒಳಗಿಡಿ. ಕಣ್ಣಿಗೆ ಕಾಣದ ನೀರಿನಲ್ಲಿ ಸದ್ದು ಮಾಡುವ, ನೀರು ಕಲಕುವ ಲೂರ್ ಬೇಕು. ಹೊಡೆತ ಬೀಳದಿದ್ದಾಗ ಲೂರ್ ಬದಲಿಸಿ ಅಂತ ನಾನು ತಕರಾರಿಲ್ಲದೆ ಹೇಳುವ ಸಂದರ್ಭ ಇದೊಂದೇ.

‘ಹೊಡೆತ ಬೀಳುತ್ತೆ, ಗಾಳ ನಾಟಲ್ಲ’

ಅತಿ ಹೆಚ್ಚು ಕೇಳಿಬರುವ ದೂರು ಇದು. ಕಪ್ಪೆ ಲೂರ್ ತಾವರೆ ಎಲೆ ಮೇಲಿಂದ ನೀರಿಗೆ ಜಾರುತ್ತದೆ, ಬಕೆಟ್ ನೀರು ಸುರಿದ ಹಾಗೆ ಸದ್ದಾಗುತ್ತದೆ, ಕೋಲು ಎತ್ತುತ್ತೀರಿ, ಕಪ್ಪೆ ಗಾಳಿಯಲ್ಲಿ ಹಾರಿ ಬಂದು ನಿಮ್ಮ ಎದೆಗೆ ಬಡಿಯುತ್ತದೆ. ಎದೆ ಡವಗುಟ್ಟುತ್ತದೆ, ಬಾಯಲ್ಲಿ ಬೈಗುಳ ಬರುತ್ತದೆ.

ಮೊದಲು ಕೈಯನ್ನೇ ಪರೀಕ್ಷಿಸಿ. ನನಗೆ ಇದನ್ನು ಕಲಿಸಿದ್ದು ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಒಬ್ಬ ಯಜಮಾನರು. ಬೆಳಗಿನಿಂದ ಮೂರು ಹೊಡೆತ ಕಳೆದುಕೊಂಡು ನಾನು ಗೊಣಗುತ್ತಿದ್ದೆ. ಅವರು ತಲೆ ಎತ್ತದೆ ಹೇಳಿದರು: ‘ತಮ್ಮಾ, ಅದು ಇನ್ನಾ ಬಾಯಾಗ ಹಾಕ್ಕೊಂಡಿಲ್ಲ. ಅಷ್ಟ್ರಾಗ ನೀನು ಕಸ್ಕೊಂಡ್ರ ಅದೇನು ತಿನ್ಬೇಕು?’

‘ಮತ್ತೆ ಯಾವಾಗ ಜಗ್ಗಬೇಕು ಯಜಮಾನ್ರೇ?’

‘ಸಪ್ಪಳ ಕೇಳಿ ಜಗ್ಗಬ್ಯಾಡ. ತೂಕ ಬಂದಮ್ಯಾಲೆ ಜಗ್ಗು.’

ಅಷ್ಟೇ. ಹೊಡೆತ ಬಿದ್ದೊಡನೆ ಕೋಲಿನ ತುದಿಯನ್ನು ನೀರಿನ ಕಡೆಗೆ ಬಾಗಿಸಿ, ಸಡಿಲ ದಾರವನ್ನು ಸುತ್ತಿಕೊಳ್ಳಿ. ದಾರದ ಆ ಬದಿಯಲ್ಲಿ ಭಾರ ಜಗ್ಗಿದ್ದು ಕೈಗೆ ತಿಳಿದ ಮೇಲೆ ಎರಡೂ ಕೈಯಿಂದ ಬಲವಾಗಿ ಎತ್ತಿ. ಭಾರ ಬರಲೇ ಇಲ್ಲವಾದರೆ ಎತ್ತಬೇಡಿ, ಕಪ್ಪೆಯನ್ನು ಅಲ್ಲೇ ಬಿಟ್ಟು ಒಮ್ಮೆ ಅಲುಗಿಸಿ. ತಪ್ಪಿದ ಕೊರವ ಎಷ್ಟೋ ಸಲ ಅಲ್ಲೇ ನಿಂತಿರುತ್ತದೆ.

ಕೈ ಸರಿಯಾದ ಮೇಲೂ ನಾಟುತ್ತಿಲ್ಲವಾದರೆ ಕಪ್ಪೆಯನ್ನು ಎತ್ತಿಕೊಳ್ಳಿ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೀನಿನ ದವಡೆ ಅದುಮಿದ ಹಾಗೆ ಅದುಮಿ. ಒಳ್ಳೆಯ ಕಪ್ಪೆಯ ಮೈ ಬಲೂನಿನಂತೆ ಕುಗ್ಗಿ, ಬೆನ್ನಿಗೆ ಒರಗಿಕೊಂಡಿದ್ದ ಎರಡೂ ಮೊನೆಗಳು ಬೆರಳಿಗೆ ಚುಚ್ಚುವಂತೆ ಹೊರಬರಬೇಕು. ನನ್ನ ಹತ್ತಿರವಿದ್ದ ಅಗ್ಗದ ಕಪ್ಪೆಯೊಂದನ್ನು ಎಷ್ಟು ಅದುಮಿದರೂ ಮೊನೆ ರಬ್ಬರಿನಲ್ಲೇ ಹೂತುಕೊಂಡಿತ್ತು. ಅದನ್ನು ಕೊರವ ಹತ್ತು ಸಲ ಅಗಿದು ಉಗಿದಿತ್ತು ಪಾಪ. ಅಂಥ ಕಪ್ಪೆಯ ಗಾಳವನ್ನು ಇಕ್ಕಳದಿಂದ ಒಂದೆರಡು ಮಿಲಿಮೀಟರ್ ಮಾತ್ರ ಹೊರಕ್ಕೂ ಮೇಲಕ್ಕೂ ತಿರುಗಿಸಿ. ಹೆಚ್ಚು ತಿರುಗಿಸಿದರೆ ಹುಲ್ಲೆಲ್ಲ ಬಾಚಿಕೊಂಡು ಬರುತ್ತದೆ.

ಆಮೇಲೆ ಮೊನೆ. ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೆಯಿರಿ. ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿಕೊಂಡು ಹೋದರೆ ಅದು ಗಾಳವಲ್ಲ, ಕೊಕ್ಕೆ. ಏರಿಯ ಕಲ್ಲಿಗೆ ಎರಡು ಸಲ ಬಡಿದ ಗಾಳ ಜಾರುತ್ತದೆ. ಸಣ್ಣ ಅರವೊಂದನ್ನು ಜೇಬಿನಲ್ಲಿಡಿ, ಬುಡದಿಂದ ಮೊನೆಯ ಕಡೆಗೆ ನಾಲ್ಕು ಸಲ ಉಜ್ಜಿದರೆ ಸಾಕು.

ಕಪ್ಪೆಯ ಬಾಲದ ಎಳೆಗಳೂ ತೊಂದರೆ ಕೊಡುತ್ತವೆ. ಉದ್ದವಾಗಿದ್ದರೆ ಮೀನು ಎಳೆಯನ್ನಷ್ಟೇ ಕಚ್ಚಿ ಎಳೆಯುತ್ತದೆ. ಕತ್ತರಿಸಿ ಗಿಡ್ಡ ಮಾಡಿ. ಕಪ್ಪೆ ಮೈತುಂಬ ನೀರು ಕುಡಿದು ಹಿಂಭಾಗ ಮುಳುಗಿ ಕೂತಿದ್ದರೆ ಪ್ರತಿ ಐದಾರು ಎಸೆತಕ್ಕೊಮ್ಮೆ ಹಿಂಡಿ.

ಇಷ್ಟಾದರೂ ಆಗಲಿಲ್ಲವಾದರೆ ದಾರ ಮತ್ತು ಕೋಲು. ನೈಲಾನ್ ದಾರ, ನಾವು ಟಂಗೀಸು ಅನ್ನುವುದು, ರಬ್ಬರಿನ ಹಾಗೆ ಹಿಗ್ಗುತ್ತದೆ. 30 ಮೀಟರ್ ದಾರ ಹೊರಗಿದ್ದಾಗ ನೀವು ಇಲ್ಲಿ ಮೊಳದಷ್ಟು ಜಗ್ಗಿದ್ದು ಅಲ್ಲಿ ಮೀನಿಗೆ ಗೇಣಿನಷ್ಟೂ ಮುಟ್ಟುವುದಿಲ್ಲ. ಮನೆಯ ಹತ್ತಿರ ಇದನ್ನು ಮಾಡಿ ನೋಡಿ: ಗೇಟಿನ ಸರಳಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಅದಕ್ಕೆ ದಾರ ಸಿಕ್ಕಿಸಿ, ರಸ್ತೆಯುದ್ದಕ್ಕೂ 30 ಹೆಜ್ಜೆ ಹಿಂದೆ ಹೋಗಿ, ಮೀನು ಹೊಡೆದಾಗ ಎತ್ತುವ ಹಾಗೆಯೇ ಕೋಲು ಎತ್ತಿ. ಮುಳ್ಳನ್ನು ನೋಡಲು ಮಗಳನ್ನು ನಿಲ್ಲಿಸಿದ್ದೆ. ಟಂಗೀಸು ಮತ್ತು ಟ್ರೌಟ್ ಕೋಲಿನಲ್ಲಿ ಎತ್ತಿದಾಗ ‘ಅಪ್ಪಾ, ಎಳೀರಿ!’ ಅಂತ ಕೂಗಿದಳು. ನಾನು ಆಗಲೇ ಎಳೆದಾಗಿತ್ತು. ಹೆಣೆದ ಬ್ರೇಡ್ ದಾರ, ಏಳಡಿಯ ಗಟ್ಟಿ ಕೋಲು ಹಿಡಿದಾಗ ಗೇಟೇ ಗಲಗಲ ಅಂದಿತು. ಪಕ್ಕದ ಮನೆಯವರು ಹೊರಗೆ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು.

ಮಳೆಗಾಲದಲ್ಲಿ ಇದೇ ದೂರಿಗೆ ಇನ್ನೊಂದು ಮುಖವಿದೆ. ಹೊಡೆತ ಭಯಂಕರ ಜೋರು, ಒಂದೇ ಜಾಗದಲ್ಲಿ ಮತ್ತೆ ಮತ್ತೆ, ಆದರೆ ಲೂರ್ ಬಾಯೊಳಗೆ ಹೋಗುವುದೇ ಇಲ್ಲ. ಆಗ ಕೋಲು ಕೆಳಗಿಟ್ಟು ನೀರು ನೋಡಿ. ತಟ್ಟೆಯಗಲ ಜಾಗದಲ್ಲಿ ಮಳೆಹನಿ ಬಿದ್ದಂತೆ ನೀರು ಕುದಿಯುತ್ತಿದೆಯೇ? ಕೆಂಪು ಛಾಯೆಯ ಸಣ್ಣ ಮರಿಗಳ ಗುಂಪು ಅದು, ಒಟ್ಟಿಗೇ ಗಾಳಿ ತೆಗೆದುಕೊಳ್ಳಲು ಮೇಲೆ ಬಂದಿವೆ. ಕೆಳಗೆ ತಂದೆತಾಯಿ ಕಾವಲಿವೆ. ಅವು ನಿಮ್ಮ ಕಪ್ಪೆಯನ್ನು ತಿನ್ನಲು ಹೊಡೆಯುತ್ತಿಲ್ಲ, ಓಡಿಸಲು ಹೊಡೆಯುತ್ತಿವೆ. ಇಲ್ಲಿ ಸರಿಪಡಿಸುವಂಥದ್ದು ಏನೂ ಇಲ್ಲ. ಬೇರೆ ಕಡೆ ನಡೆಯಿರಿ. ಕಾವಲಿನ ಮೀನು ಎತ್ತಿದರೆ ಆ ಮರಿಗಳೆಲ್ಲ ಸಂಜೆಯೊಳಗೆ ಜಿಲೇಬಿ ಮೀನಿನ ಹೊಟ್ಟೆಯಲ್ಲಿರುತ್ತವೆ. ‘ಮರಿಗುಂಪಿನ ಮೇಲೆ ಹಾಕಿ, ಗ್ಯಾರಂಟಿ ಹೊಡೆತ’ ಅಂತ ಕಲಿಸುವವರಿದ್ದಾರೆ, ಅವರ ಮಾತು ಕೇಳಬೇಡಿ.

‘ಡ್ರ್ಯಾಗ್ ಎಷ್ಟು ಬಿಗಿ ಮಾಡಿದರೂ ದಾರ ಬಿಟ್ಟುಕೊಡ್ತಿದೆ’

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಅಳತೆಯಿಂದ ಬಿಟ್ಟುಕೊಡುವ ರೀಲಿನ ಬ್ರೇಕು. ಈ ದೋಷ ನನ್ನ ಒಂದು ಇಡೀ ಚಳಿಗಾಲ ತಿಂದಿತು. ಹೊಸ ರೀಲು, ಹೊಸ ಬ್ರೇಡ್. ಅಂಗಡಿಯಲ್ಲೇ ದಾರ ತುಂಬಿಸಿ ಕೊಟ್ಟಿದ್ದರು. ಕೊಂಡಜ್ಜಿ ಕೆರೆಯಲ್ಲಿ ಒಂದು ಒಳ್ಳೆಯ ಮೀನು ಸಿಕ್ಕಿತು, ನೇರ ಜೊಂಡಿಗೆ ನುಗ್ಗಿತು. ಡ್ರ್ಯಾಗ್ ತಿರುಪನ್ನು ಪೂರ್ತಿ ಬಿಗಿ ಮಾಡಿದೆ. ಹಿಡಿಕೆ ತಿರುಗಿಸುತ್ತಿದ್ದೇನೆ, ದಾರ ಒಳಗೆ ಬರುತ್ತಿಲ್ಲ, ಮೀನು ಮಾತ್ರ ಆರಾಮಾಗಿ ಹೊರಗೆ ಹೋಗುತ್ತಿದೆ. ಜೊಂಡಿನ ಬುಡ ಸುತ್ತಿ ಬಿಡಿಸಿಕೊಂಡು ಹೋಯಿತು.

ಮನೆಗೆ ಬಂದು ರೀಲು ಬಿಚ್ಚಿದೆ. ಡ್ರ್ಯಾಗಿನ ವಾಷರ್‌ಗಳು ಹೊಸದಾಗಿ ಹೊಳೆಯುತ್ತಿದ್ದವು. ಒರೆಸಿ ಜೋಡಿಸಿದೆ. ಮುಂದಿನ ವಾರ ಮತ್ತೆ ಅದೇ. ರೀಲೇ ಡೂಪ್ಲಿಕೇಟ್ ಅಂತ ಊರಿಗೆಲ್ಲ ಸಾರಿದೆ. ಕೊನೆಗೆ ಸಿಟ್ಟು ಇಳಿದ ಮೇಲೆ ಒಂದು ವಿಷಯ ನೆನಪಾಯಿತು: ಡ್ರ್ಯಾಗ್ ಜಾರಿದರೆ ‘ಕಿರ್ರ್’ ಅನ್ನಬೇಕು. ಆ ಮೀನು ದಾರ ಎಳೆದಾಗ ರೀಲು ತುಟಿ ಪಿಟಕ್ಕೆನ್ನಲಿಲ್ಲ.

ಮಾರ್ಕರ್ ಪೆನ್ನಿನಿಂದ ಸ್ಪೂಲಿನ (ದಾರ ಸುತ್ತುವ ಉರುಳೆಯ) ಅಂಚಿನಿಂದ ದಾರದ ಸುರುಳಿಯ ಮೇಲಕ್ಕೆ ಒಂದು ನೇರ ಗೆರೆ ಎಳೆದೆ. ದಾರದ ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಜಗ್ಗಿದೆ. ಸ್ಪೂಲಿನ ಮೇಲಿನ ಗೆರೆ ಅಲ್ಲೇ ಇತ್ತು. ದಾರದ ಮೇಲಿನ ಗೆರೆ ಅರ್ಧ ಸುತ್ತು ಮುಂದೆ ಹೋಗಿತ್ತು. ಡ್ರ್ಯಾಗಿನ ತಪ್ಪೇ ಇರಲಿಲ್ಲ. ಇಡೀ ದಾರದ ಉಂಡೆ ಲೋಹದ ಸ್ಪೂಲಿನ ಮೇಲೆ ಬಳೆಯ ಹಾಗೆ ತಿರುಗುತ್ತಿತ್ತು.

ಬ್ರೇಡ್ ನುಣುಪು ದಾರ, ಹಿಗ್ಗುವುದಿಲ್ಲ, ಹಾಗಾಗಿ ನುಣುಪು ಸ್ಪೂಲನ್ನು ಅಪ್ಪಿ ಹಿಡಿಯುವುದಿಲ್ಲ. ಮೊದಲು ಹತ್ತು ಹದಿನೈದು ಮೀಟರ್ ಟಂಗೀಸು ಸುತ್ತಿ, ಅದರ ತುದಿಗೆ ಬ್ರೇಡ್ ಗಂಟು ಹಾಕಬೇಕಿತ್ತು. ಅದೂ ಬೇಡವೆಂದರೆ ಸ್ಪೂಲಿಗೆ ಎಲೆಕ್ಟ್ರಿಷಿಯನ್ ಬಳಸುವ ಇನ್ಸುಲೇಶನ್ ಟೇಪನ್ನು ಒಂದು ಸುತ್ತು ಸುತ್ತಿ ಅದರ ಮೇಲೆ ದಾರ ಕಟ್ಟಿದರೂ ಆದೀತು. ನಾನು ಮಾಡಿದ್ದು ಅದನ್ನೇ. ಅದೇ ರೀಲು ಇವತ್ತಿಗೂ ಓಡುತ್ತಿದೆ. ಊರಿಗೆ ಸಾರಿದ್ದನ್ನು ವಾಪಸ್ ತೆಗೆದುಕೊಳ್ಳಲು ಮಾತ್ರ ಸ್ವಲ್ಪ ಕಷ್ಟವಾಯಿತು.

ನಿಜವಾಗಿಯೂ ಡ್ರ್ಯಾಗಿನದೇ ತೊಂದರೆಯಾದರೆ ಗುರುತು ಬೇರೆ. ದಾರ ಸಮನಾಗಿ ಹರಿಯದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೋಗುತ್ತದೆ. ವಾಷರಿಗೆ ನೀರೋ ಮಣ್ಣೋ ಸೇರಿದೆ, ಒರೆಸಿ ಒಣಗಿಸಬೇಕು. ಎಷ್ಟು ಬಿಗಿ ಇಡಬೇಕು ಅಂದರೆ, ದಾರ ತಡೆಯುವ ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗದ ಒಳಗೆ. 12 ಕೆಜಿ ದಾರಕ್ಕೆ 3ರಿಂದ 4 ಕೆಜಿ. ಅಳೆಯಲು ಅದೇ ಸ್ಪ್ರಿಂಗ್ ತಕ್ಕಡಿ. ಜೊಂಡಿನ ನಡುವೆ ಆಡುವಾಗ ನಾನು ಇದಕ್ಕಿಂತ ಬಿಗಿ ಇಟ್ಟು, ದಾರವನ್ನೇ ದಪ್ಪ ಮಾಡಿಕೊಳ್ಳುತ್ತೇನೆ. ಅಲ್ಲಿ ಕೊರವನಿಗೆ ಒಂದು ಮಾರು ದಾರ ಕೊಟ್ಟರೆ ಸಾಲ ಕೊಟ್ಟ ಹಾಗೆ.

‘ದಾರ ಹರೀತು’

ಹರಿದ ದಾರವನ್ನು ಬೈದು ಬಿಸಾಡಬೇಡಿ, ತುದಿಯನ್ನು ನೋಡಿ. ಎಲ್ಲಿ ತಪ್ಪಾಯಿತು ಅಂತ ತುದಿಯೇ ಹೇಳುತ್ತದೆ.

ಟಂಗೀಸಿನ ತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿಕೊಂಡಿದ್ದರೆ ದಾರ ಹರಿದೇ ಇಲ್ಲ, ಗಂಟು ಜಾರಿದೆ. ಮೀನು ನಿಮ್ಮ ಗಂಟನ್ನು ಬಿಚ್ಚಿಕೊಂಡು ಹೋಗಿದೆ. ತುದಿ ಚಾಕುವಿನಲ್ಲಿ ಕೊಯ್ದಂತೆ ಚೊಕ್ಕವಾಗಿದ್ದರೆ ಹಲ್ಲು, ಕಪ್ಪೆಚಿಪ್ಪು ಅಥವಾ ಕಲ್ಲಿನ ಅಂಚು. ತುದಿಯಿಂದ ಗೇಣುದ್ದ ನವಿರು ನವಿರಾಗಿ ಎದ್ದಿದ್ದರೆ ಎಲ್ಲೋ ಉಜ್ಜುತ್ತಲೇ ಇತ್ತು, ನೀವು ಗಮನಿಸಿಲ್ಲ.

ಗಂಟು ಜಾರುವವರಿಗೆ ಹೇಳುವುದಿಷ್ಟು: ಟಂಗೀಸಿಗೆ ಹಾಕುವ ಮಾಮೂಲಿ ಸುತ್ತುಗಂಟು ಬ್ರೇಡಿಗೆ ನಿಲ್ಲುವುದಿಲ್ಲ. ಪಾಲೊಮಾರ್ ಗಂಟು ಕಲಿಯಿರಿ. ದಾರವನ್ನು ಜೋಡಿ ಮಾಡಿ ಗಾಳದ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಆ ಕುಣಿಕೆಯೊಳಗಿಂದ ಇಡೀ ಲೂರನ್ನು ದಾಟಿಸಿ ಎಳೆಯುವುದು. ಎಳೆಯುವ ಮುಂಚೆ ಎಂಜಲು ಹಚ್ಚಿ. ಒಣ ಗಂಟನ್ನು ಬಿಗಿದರೆ ಉಜ್ಜಿದ ಬಿಸಿಗೇ ಟಂಗೀಸು ಸೊರಗುತ್ತದೆ.

ಉಜ್ಜಿ ಹರಿಯುವುದಕ್ಕೆ ಚಿತ್ರದುರ್ಗದ ಕಡೆ ಕಾರಣ ಹುಡುಕಬೇಕಿಲ್ಲ, ಸುತ್ತ ಎಲ್ಲ ಕಲ್ಲೇ. ಬ್ರೇಡ್ ಎಷ್ಟೇ ಬಲವಾಗಿದ್ದರೂ ಕಲ್ಲಿನ ಮೇಲೆ ಉಜ್ಜಿದರೆ ಉಳಿಯುವುದಿಲ್ಲ. ಕಲ್ಲುದಂಡೆಯಲ್ಲಿ ಬ್ರೇಡಿಗೂ ಲೂರಿಗೂ ನಡುವೆ ಲೀಡರ್ ಆಗಿ ಒಂದು ಮಾರು ದಪ್ಪ ಟಂಗೀಸು ಇರಲಿ. ಬಾಳೆ ಮೀನು ಇರುವ ಹೊಳೆ, ಹಿನ್ನೀರಿಗೂ ಇದೇ ಮಾತು. ಅದರ ಬಾಯಿ ಒಳಗೆ ಬಡಗಿಯ ಅರ ಇಟ್ಟ ಹಾಗಿರುತ್ತದೆ.

ಕಲ್ಲೂ ಇಲ್ಲ, ಬಾಳೆಯೂ ಇಲ್ಲ, ಆದರೂ ನವಿರು ಏಳುತ್ತಿದೆಯೇ? ಕೋಲಿನ ಉಂಗುರಗಳನ್ನು ನೋಡಿ, ಅದರಲ್ಲೂ ತುದಿಯ ಉಂಗುರವನ್ನು. ಬೈಕಿನಲ್ಲಿ ಬರುವಾಗ ಎಲ್ಲೋ ತಾಗಿ ಒಳಗಿನ ಬಿಲ್ಲೆ ಬಿರಿದಿರುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ. ಚೂರು ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು ಪ್ರತಿ ಉಂಗುರದಲ್ಲೂ ತಿರುಗಿಸುತ್ತ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರು ನಾವು, ಗಿರಣಿಗಳು ಹೋದರೂ ಒಂದು ಚೂರು ಹತ್ತಿಗೆ ಬರವಿಲ್ಲ.

‘ಎಸೆತ ದೂರ ಹೋಗಲ್ಲ, ದಾರ ಗೋಜಲು’

ಇದು ಬೇಗ ಮುಗಿಯುವ ವಿಷಯ. ಸ್ಪೂಲಿನ ಅಂಚಿನಿಂದ ದಾರ ಒಂದೆರಡು ಮಿಲಿಮೀಟರ್ ಕೆಳಗಿರಬೇಕು. ತುಂಬಿ ತುಳುಕಿದರೆ ಸುರುಳಿ ಸುರುಳಿಯಾಗಿ ಒಮ್ಮೆಲೇ ಹೊರಬಂದು ಗೋಜಲಾಗುತ್ತದೆ, ತೀರಾ ಕಡಿಮೆಯಿದ್ದರೆ ಅಂಚಿಗೆ ಉಜ್ಜಿ ಎಸೆತ ಕುಂಟುತ್ತದೆ. ಎಸೆದ ಮೇಲೆ, ದಾರವನ್ನು ಸ್ಪೂಲಿಗೆ ಸುತ್ತಿಸುವ ಬೇಲ್ ಕಂಬಿಯನ್ನು ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಿಂದ ಮುಚ್ಚಿ ದಾರವನ್ನು ಒಮ್ಮೆ ಬಿಗಿಯಾಗಿ ಎಳೆದುಕೊಂಡು ಆಮೇಲೆ ಸುತ್ತಿ. ಬ್ರೇಡಿನ ಗೋಜಲಿನಲ್ಲಿ ಮುಕ್ಕಾಲು ಪಾಲು ಈ ಒಂದು ಅಭ್ಯಾಸಕ್ಕೇ ನಿಲ್ಲುತ್ತದೆ. ಸ್ಪಿನ್ನರ್ ಹಾಕುವವರ ದಾರ ಹುರಿಗೊಂಡರೆ ದಾರಕ್ಕೂ ಲೂರಿಗೂ ನಡುವೆ ತಿರುಗಣಿ (ಸ್ವಿವೆಲ್) ಇಲ್ಲ ಅಂತ ಅರ್ಥ.

ಆಷಾಢದ ಗಾಳಿಯದು ಬೇರೆಯೇ ಕಥೆ. ಆ ಗಾಳಿಯಲ್ಲಿ ದಾರ ಬಿಲ್ಲಿನಂತೆ ಬಾಗಿ, ಹೊಡೆತ ಬಿದ್ದದ್ದು ಕೈಗೆ ಗೊತ್ತೇ ಆಗುವುದಿಲ್ಲ. ಕೋಲಿನ ತುದಿ ನೀರಿಗೆ ಮುಟ್ಟುವಷ್ಟು ಕೆಳಗಿಡಿ, ಎಸೆತ ತಗ್ಗಾಗಿರಲಿ, ಲೂರ್ ಎರಡು ಗ್ರಾಂ ಹೆಚ್ಚು ಭಾರದ್ದಾಗಿರಲಿ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಎಸೆಯಲು ಸುಖ ನಿಜ, ಆದರೆ ಗಾಳಿ ಮರಿಮೀನುಗಳನ್ನು ತಳ್ಳಿಕೊಂಡು ಹೋಗುವುದು ಎದುರು ದಂಡೆಗೆ. ಬೇಟೆಗಾರ ಮೀನು ಇರುವುದೂ ಅಲ್ಲೇ.

‘ಲೂರ್ ಸಿಕ್ಕಿಹಾಕಿಕೊಂಡಿತು’

ಮಾರಿಕಣಿವೆಗೆ ಹೋದವರ ಗೋಳು ಇದು. ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಅಷ್ಟು ಕಾಲ ನೀರು ಕಾಣದ ಅಂಚಿನಲ್ಲಿ ಗಿಡಗಂಟಿ ಬೆಳೆಯದೆ ಇರುತ್ತದೆಯೇ? ನೀರು ಏರಿದಾಗ ಅವೆಲ್ಲ ಇದ್ದಲ್ಲೇ ಮುಳುಗಿದವು. ಬಳ್ಳಾರಿ ಜಾಲಿಯ ಕೊಂಬೆ ನೀರೊಳಗೆ ಸತ್ತರೂ ಮುಳ್ಳು ಸಾಯುವುದಿಲ್ಲ. ಮೂರು ಕೊಂಡಿಯ ಗಾಳವಿರುವ ಲೂರನ್ನು ಅಲ್ಲಿಗೆ ಎಸೆಯುವುದೆಂದರೆ ಹುಂಡಿಗೆ ದುಡ್ಡು ಹಾಕಿದ ಹಾಗೆ. ಅಲ್ಲಿ ಕಪ್ಪೆ ಲೂರ್ ಬಳಸಿ, ಇಲ್ಲವೇ ಮೂರು ಕೊಂಡಿಯ ಗಾಳ ತೆಗೆದು ಒಂಟಿ ಗಾಳ ಹಾಕಿ.

ಸಿಕ್ಕಿಕೊಂಡಾಗ ಕೋಲಿನಿಂದ ಜಗ್ಗಬೇಡಿ, ಮೊದಲು ಮುರಿಯುವುದು ಕೋಲೇ. ದಾರವನ್ನು ಬಿಲ್ಲಿನ ಹೆದೆಯ ಹಾಗೆ ಬೆರಳಿಂದ ಎಳೆದು ತಟಕ್ಕನೆ ಬಿಡಿ. ಆ ಅದುರಿಗೆ ಲೂರ್ ಹಿಂದಕ್ಕೆ ಜಿಗಿದು ಬಿಡಿಸಿಕೊಳ್ಳುವುದುಂಟು. ಆಗಲಿಲ್ಲವೇ, ದಂಡೆಯಲ್ಲಿ 20 ಹೆಜ್ಜೆ ಪಕ್ಕಕ್ಕೆ ಹೋಗಿ ಬೇರೆ ಕೋನದಿಂದ ಪ್ರಯತ್ನಿಸಿ. ಅದೂ ಆಗದಿದ್ದರೆ ಒಂದು ಕಟ್ಟಿಗೆ ತುಂಡಿಗೆ ದಾರ ಸುತ್ತಿ, ಮುಖ ಬೇರೆ ಕಡೆ ತಿರುಗಿಸಿ ಎಳೆಯಿರಿ. ಬರಿಗೈಗೆ ಬ್ರೇಡ್ ಸುತ್ತಿದರೆ ಚರ್ಮ ಕೊಯ್ಯುತ್ತದೆ. ಲೂರ್ ಬಿಡಿಸಲೆಂದು ನೀರಿಗಿಳಿಯುವುದಂತೂ ಬೇಡವೇ ಬೇಡ. ಕೆರೆಯ ಹೂಳು ಮೇಲಿಂದ ಗಟ್ಟಿ ಕಾಣುತ್ತದೆ, ತೊಡೆಯವರೆಗೆ ಹೂತ ಮೇಲೆ ಲೂರಿನ ರೇಟು ನೆನಪಿಗೆ ಬರುವುದಿಲ್ಲ.

‘ಪೆಟ್ಟಿಗೆಯಲ್ಲಿಟ್ಟ ಲೂರ್ ಕರಗಿದೆ’

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ನನಗೂ ಹೇಳಲಿಲ್ಲ. ಮೆತ್ತನೆಯ ರಬ್ಬರ್ ಮೀನು, ರಬ್ಬರ್ ಹುಳುಗಳನ್ನು ಬಂದ ಕವರಿನಲ್ಲೇ ಇಡಿ. ಅವುಗಳ ಎಣ್ಣೆ ಬೇರೆ ಜಾತಿಯ ಪ್ಲಾಸ್ಟಿಕ್ಕಿಗೆ ತಾಗಿದರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ, ಎಷ್ಟೋ ಸಲ ಪೆಟ್ಟಿಗೆಯ ತಳವೂ ಕರಗುತ್ತದೆ. ನಾನು ಬೇಸಿಗೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತುಂಬಿ, ಪೆಟ್ಟಿಗೆಯನ್ನು ಬೈಕಿನ ಸೈಡ್ ಬಾಕ್ಸಿನಲ್ಲೇ ಬಿಟ್ಟಿದ್ದೆ. ಎರಡು ವಾರದ ಮೇಲೆ ತೆಗೆದರೆ ಎಂಟು ಹುಳು, ಎರಡು ಕಪ್ಪೆ, ಬಣ್ಣದ ಹುಸಿ ಮೀನೊಂದು ಸೇರಿ ಒಂದೇ ಜಾಮೂನು ಆಗಿದ್ದವು, ಅದರ ನಡುವಿನಿಂದ ಗಾಳದ ಮೊನೆಯೊಂದು ಹೊರಗೆ ಇಣುಕುತ್ತಿತ್ತು. ಉಗುರಿನ ಮೇಲೆ ಎಳೆದು ನೋಡಿದೆ, ಇನ್ನೂ ಚೂಪಾಗಿತ್ತು.